ನೀರು ಕೊಟ್ಟ ಮೇಲೆ ಉದುರಿದ ನಿಂಬೆ ಎಲೆ

ನಮ್ಮ ತೋಟ ಇರುವುದು ಪಾಂಡವಪುರದ ಹತ್ತಿರ. ಸುತ್ತ ಎಲ್ಲ ಕಬ್ಬು, ಭತ್ತ. ನಾನು ಅರ್ಧ ಎಕರೆ ಕೆಂಪು ಮಣ್ಣಲ್ಲಿ 40 ನಿಂಬೆ ಗಿಡ ಹಾಕಿದ್ದೇನೆ. ಹೂವು ಒಟ್ಟಿಗೆ ಬರಲಿ ಅಂತ ಹೋದ ವರ್ಷದ ಹಿಂದಿನ ವರ್ಷ ಡಿಸೆಂಬರ್‌ನಲ್ಲಿ ನೀರು ಕೊಡುವುದನ್ನು ನಿಲ್ಲಿಸಿದೆ. ನಿಂಬೆ ಬೆಳೆಯುವವರು ಇದಕ್ಕೆ ಬಹಾರ್ ಹಿಡಿಯೋದು ಅಂತಾರೆ.

ಐದು ವಾರ ನೀರಿಲ್ಲ. ಎಲೆ ದೋಣಿಯ ಹಾಗೆ ಮುದುಡಿತು, ಬಣ್ಣ ಮಂಕಾಯಿತು. ಆದರೆ ಉದುರಲಿಲ್ಲ. ಒಂದು ಸಂಜೆ ಕರುಳು ತಡೆಯದೆ ಮೋಟರ್ ಹಾಕಿ ಪಾತಿ ತುಂಬಾ ನೀರು ಬಿಟ್ಟೆ. ಬೆಳಿಗ್ಗೆ ಎಲೆ ನೆಟ್ಟಗಾಗಿತ್ತು, ಖುಷಿಯಾಯಿತು. ಮೂರನೇ ದಿನ ಹೋಗಿ ನೋಡಿದರೆ ನೆಲ ಎಲ್ಲ ಎಲೆ! ಹಸಿರಾಗಿದ್ದ ಎಲೆಗಳೇ ಬಿದ್ದಿದ್ದವು. ನಮ್ಮ ದೊಡ್ಡಪ್ಪ ಬಂದು, "ಬೇರು ಕೊಳೆತಿರಬೇಕು ಕಣಪ್ಪ, ನೀರು ಜಾಸ್ತಿ ಆಯ್ತು" ಅಂದರು. ಬೇರು ಕೆದಕಿ ನೋಡಿದೆ. ಬಿಳಿ ಬೇರು ಚೆನ್ನಾಗೇ ಇತ್ತು.

ಬಿದ್ದ ಎಲೆ ಕೈಗೆತ್ತಿಕೊಂಡಾಗ ಒಂದು ವಿಷಯ ಕಂಡಿತು. ಎಲೆಯ ಹಾಳೆ ಮಾತ್ರ ಬಿದ್ದಿತ್ತು, ತೊಟ್ಟು ಕೊಂಬೆಯಲ್ಲೇ ಉಳಿದಿತ್ತು. ನಿಂಬೆ ಜಾತಿಯ ಎಲೆಗೆ ಕಳಚುವ ಜಾಗ ಎರಡಿವೆ. ಒಂದು ತೊಟ್ಟು ಕೊಂಬೆಗೆ ಸೇರುವಲ್ಲಿ, ಇನ್ನೊಂದು ಹಾಳೆ ತೊಟ್ಟಿಗೆ ಸೇರುವಲ್ಲಿ. ನಮ್ಮಲ್ಲಿ ಕಳಚಿದ್ದು ಎರಡನೆಯದು.

ಕಾರಣ ಹುಡುಕುತ್ತಾ ಗೊತ್ತಾದದ್ದು ಇದು. ನೀರಿಲ್ಲದಾಗ ಬೇರಲ್ಲಿ ಅಬ್ಸಿಸಿಕ್ ಆಮ್ಲ ಜಾಸ್ತಿಯಾಗುತ್ತದೆ. ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಸಿ ನೀರು ಉಳಿಸುವ ಹಾರ್ಮೋನು ಅದು. ಅದರ ಜೊತೆಗೇ ಬೇರಲ್ಲಿ ಎಸಿಸಿ ಎಂಬ ಪದಾರ್ಥ ಕೂಡಿಕೊಳ್ಳುತ್ತಾ ಹೋಗುತ್ತದೆ. ಮಣ್ಣು ಒಣಗಿರುವ ತನಕ ಅದು ಅಲ್ಲೇ ಇರುತ್ತದೆ, ಮೇಲೆ ಹೊತ್ತೊಯ್ಯಲು ನೀರಿಲ್ಲವಲ್ಲ. ನಾವು ನೀರು ಬಿಟ್ಟ ತಕ್ಷಣ ಅದೆಲ್ಲ ಎಲೆಗೆ ಏರುತ್ತದೆ. ಅಲ್ಲಿ ಎಥಿಲೀನ್ ಆಗುತ್ತದೆ. ಬಾಳೆಗೊನೆ ಹಣ್ಣು ಮಾಡುತ್ತದಲ್ಲ, ಅದೇ ಅನಿಲ. ಅದು ಕಳಚುವ ಜಾಗದ ಜೀವಕೋಶಗಳ ಅಂಟನ್ನು ಕರಗಿಸುತ್ತದೆ. ಒಣಗಿಸಿದ್ದು ಹೆಚ್ಚಾದಷ್ಟೂ ಉದುರುವುದೂ ಹೆಚ್ಚು.

ಎಥಿಲೀನ್‌ಗೆ ಎದುರಾಗಿ ಎಲೆಯನ್ನು ಹಿಡಿದಿಡುವುದು ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನು. ಅದು ಎಲೆಯ ಹಾಳೆಯಿಂದಲೇ ತೊಟ್ಟಿಗೆ ಹರಿಯುತ್ತಿರುತ್ತದೆ. ನನಗೆ ಇದನ್ನು ಕಣ್ಣಲ್ಲೇ ನೋಡಬೇಕೆನಿಸಿತು. ಮನೆ ಮುಂದಿನ ಬಣ್ಣದೆಲೆಯ ಕೋಲಿಯಸ್ ಕುಂಡದಲ್ಲಿ ನಾಲ್ಕು ಎಲೆಯ ಹಾಳೆ ಕತ್ತರಿಸಿ ತೊಟ್ಟು ಬಿಟ್ಟೆ. ಹಾಳೆಯಿಂದ ಆಕ್ಸಿನ್ ಬರುವುದು ನಿಂತು, ಆರನೇ ದಿನಕ್ಕೆ ನಾಲ್ಕೂ ತೊಟ್ಟು ಬಿದ್ದವು. ಪಕ್ಕದ ಎಲೆಗಳು ಅಲ್ಲಾಡಲಿಲ್ಲ. ಪುಸ್ತಕದಲ್ಲಿ ಓದಿದ್ದಕ್ಕಿಂತ ಇದು ಚೆನ್ನಾಗಿ ಮನಸ್ಸಿಗೆ ಹತ್ತಿತು.

ಎಲೆ ಬಿದ್ದ ವಾರದಲ್ಲೇ ಔಷಧಿ ಅಂಗಡಿಯವರೊಬ್ಬರು ಆಕ್ಸಿನ್ ಜಾತಿಯ ಎನ್‌ಎಎ ಎಂಬ ಸಿಂಪಡಿಸುವ ಔಷಧಿ ಕೊಟ್ಟು, "ಸ್ವಲ್ಪ ಜಾಸ್ತಿನೇ ಹಾಕಿ, ಬೇಗ ನಿಲ್ಲುತ್ತೆ" ಅಂದಿದ್ದರು. ಸದ್ಯ ನಾನು ಹೊಡೆಯಲಿಲ್ಲ. ಕಡಿಮೆ ಪ್ರಮಾಣದಲ್ಲಿ ಕಾಯಿ ಹಿಡಿದಿಡುವ ಅದೇ ಎನ್‌ಎಎ ಜಾಸ್ತಿಯಾದರೆ ಗಿಡದಲ್ಲೇ ಎಥಿಲೀನ್ ಹುಟ್ಟಿಸಿ ಕಾಯಿ ಉದುರಿಸುತ್ತದೆ. ಕಿತ್ತಳೆ ಜಾತಿಯಲ್ಲಿ ಗಿಡದ ಮೇಲಿನ ಕಾಯಿಗಳ ಸಂಖ್ಯೆ ಕಡಿಮೆ ಮಾಡಲು ಬೇಕೆಂದೇ ಹಾಗೆ ಬಳಸುವುದುಂಟು. ಡಬ್ಬಿ ಮೇಲಿನ ಅಳತೆ ಮೀರಬೇಡಿ, ದಯವಿಟ್ಟು.

ಬರಿಗೊಂಬೆಗಳು ತಿಂಗಳೊಳಗೆ ಚಿಗುರಿದವು. ಹೂವೂ ಬಂತು. ಆದರೆ ಕಾಯಿಗೆ ಊಟ ಕೊಡಲು ಬಲಿತ ಎಲೆ ಬೇಕಲ್ವಾ? ಕಟ್ಟಿದ ಕಾಯಲ್ಲಿ ಬಹಳಷ್ಟು ಸಾಸಿವೆ ಗಾತ್ರದಲ್ಲೇ ಬಿದ್ದುಹೋಯಿತು.

ಕಳೆದ ಡಿಸೆಂಬರ್‌ನಲ್ಲಿ ಮೂರೇ ವಾರಕ್ಕೆ ಒಣಗಿಸುವುದನ್ನು ನಿಲ್ಲಿಸಿದೆ. ಮಧ್ಯಾಹ್ನ ಮುದುಡಿದ ಎಲೆ ಬೆಳಿಗ್ಗೆ ಹೊತ್ತಿಗೆ ಬಿಚ್ಚಿಕೊಳ್ಳುತ್ತಿತ್ತು. ಅದು ಬಿಚ್ಚಿಕೊಳ್ಳದೆ ಹೋದ ದಿನವೇ ನೀರು ಅಂತ ಮೊದಲೇ ತೀರ್ಮಾನಿಸಿದ್ದೆ. ಮೊದಲ ಸಲ ಮಣ್ಣು ನೆನೆಯುವಷ್ಟು, ನಾಲ್ಕು ದಿನ ಬಿಟ್ಟು ಅರ್ಧ ಪಾತಿ, ಆಮೇಲೆ ಪೂರ್ತಿ. ಬುಡಕ್ಕೆ ಕಬ್ಬಿನ ತರಗು ಹೊದಿಸಿದೆ. ಎಲೆ ಬಿತ್ತು, ಆದರೆ ಗಿಡಕ್ಕೆ ಒಂದೆರಡು ಹಿಡಿಯಷ್ಟೇ.

ದಿಬ್ಬದ ಮೇಲಿನ ನಾಲ್ಕು ಗಿಡ ಮಾತ್ರ ಈ ಸಲವೂ ಬೋಳಾದವು. ಅಲ್ಲಿ ಮಣ್ಣು ತೆಳು, ಕೆಳಗೆ ಬರೀ ಕಲ್ಲು, ಬೇಗ ಒಣಗುತ್ತದೆ. ಮುಂದಿನ ಸಲ ಅವಕ್ಕೆ ಬೇರೆ ಪೈಪ್ ಎಳೆದು ಒಂದು ವಾರ ಮೊದಲೇ ನೀರು ಕೊಡುತ್ತೇನೆ.