ಸಿಟಿ ಸ್ಕ್ಯಾನ್‌ನಿಂದ ದವಡೆ ಮಾದರಿ: ಥ್ರೆಶೋಲ್ಡ್ ಎಷ್ಟಿಡೋದು?

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ತ್ರೀಡಿ ಪ್ರಿಂಟಿಂಗ್ ಅಂಗಡಿ ಇದೆ. ದವಡೆ ಮುರಿದವರ ಸ್ಕ್ಯಾನ್ ಸಿಡಿಗಳು ಆಗಾಗ ಬರುತ್ತವೆ. ಆಪರೇಷನ್‌ಗೆ ಮೊದಲೇ ಮಾದರಿಯ ಮೇಲೆ ಟೈಟಾನಿಯಂ ಪ್ಲೇಟು ಬಗ್ಗಿಸಿಟ್ಟುಕೊಂಡರೆ ಒಳಗೆ ಹೋದಮೇಲೆ ಸಮಯ ಉಳಿಯುತ್ತದೆ ಅಂತ ಡಾಕ್ಟರು ಮಾಡಿಸುತ್ತಾರೆ.

ಸಿಡಿ ಬಂದ ತಕ್ಷಣ ನೋಡೋದು ಸ್ಲೈಸ್, ಅಂದರೆ ಸ್ಕ್ಯಾನ್ ಕೊಡುವ ಒಂದೊಂದು ಅಡ್ಡ ಪದರದ ಚಿತ್ರ, ಎಷ್ಟು ದಪ್ಪ ಅಂತ. 5 ಮಿ.ಮೀ. ಇದ್ದರೆ ವಾಪಸ್. ಅದರಿಂದ ಬರೋ ದವಡೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ, ಎಷ್ಟು ನಯ ಮಾಡಿದರೂ ಇಲ್ಲದ ಮಾಹಿತಿ ಹುಟ್ಟುವುದಿಲ್ಲ. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್ ಬೇಕು. ಮೂಳೆ ಚೂಪಾಗಿ ಕಾಣುವ ಫಿಲ್ಟರ್ ಹಾಕಿದ ಸೀರೀಸ್ ಕಣ್ಣಿಗೆ ಚೆಂದ, ಆದರೆ ಅದರಲ್ಲಿ ನಾಯ್ಸ್ (ಚುಕ್ಕಿ ಚುಕ್ಕಿ ಗಲೀಜು) ಜಾಸ್ತಿ. ಮೆಶ್‌ಗೆ, ಅಂದರೆ ಪ್ರಿಂಟ್ ಮಾಡುವ ತ್ರೀಡಿ ಮೇಲ್ಮೈಗೆ, ನಾನು ಮೃದು ಫಿಲ್ಟರ್‌ನದನ್ನೇ ತಗೊಳ್ಳುತ್ತೇನೆ.

ಕೆಲಸ ಎಲ್ಲಾ ತ್ರೀಡಿ ಸ್ಲೈಸರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ, ಅದು ಉಚಿತ. ಸಿಟಿಯಲ್ಲಿ ಪ್ರತಿ ವೋಕ್ಸೆಲ್‌ಗೂ (ಚಿತ್ರದ ಪುಟ್ಟ ತ್ರೀಡಿ ಚೌಕ) ಅಲ್ಲಿನ ವಸ್ತು ಎಷ್ಟು ದಟ್ಟ ಅಂತ ಹೇಳುವ ಒಂದು ಹೌನ್ಸ್‌ಫೀಲ್ಡ್ ಸಂಖ್ಯೆ ಇರುತ್ತದೆ. ಗಾಳಿ -1000, ನೀರು 0, ಸ್ನಾಯು 50ರ ಆಸುಪಾಸು, ಗಟ್ಟಿ ಮೂಳೆ 1000 ದಾಟುತ್ತದೆ. ನಾವು ಥ್ರೆಶೋಲ್ಡ್ ಅಂತ ಒಂದು ಸಂಖ್ಯೆ ಕೊಟ್ಟರೆ ಆ ಬೆಲೆ ಹಾದುಹೋಗುವ ಜಾಗದಲ್ಲೆಲ್ಲಾ ಸಾಫ್ಟ್‌ವೇರ್ ಸಣ್ಣ ಸಣ್ಣ ತ್ರಿಕೋನ ಜೋಡಿಸಿ ಮೇಲ್ಮೈ ಕಟ್ಟುತ್ತದೆ. 1987ರಲ್ಲಿ ಲೊರೆನ್ಸನ್ ಮತ್ತು ಕ್ಲೈನ್ ಪ್ರಕಟಿಸಿದ ಮಾರ್ಚಿಂಗ್ ಕ್ಯೂಬ್ಸ್ ವಿಧಾನ ಅದು.

ಆ ಸಂಖ್ಯೆ ಎಷ್ಟು ಅನ್ನೋದೇ ತಲೆನೋವು. 250ರಿಂದ ಶುರು ಮಾಡಿ ಮೇಲೆ ಕೆಳಗೆ ಎಳೆದು ನೋಡಿ. ಕೆಳಗಿಳಿಸಿದರೆ ಕಿವಿಯ ಮುಂದೆ ಕೀಲಿನಲ್ಲಿ ದವಡೆಯ ತುದಿ ಹೋಗಿ ತಲೆಬುರುಡೆಗೆ ಅಂಟಿಕೊಳ್ಳುತ್ತದೆ, ಯಾಕಂದ್ರೆ ನಡುವಿನ ಸಂದು ಅಷ್ಟು ಕಿರಿದು, ಒಂದೇ ವೋಕ್ಸೆಲ್‌ನಲ್ಲಿ ಅರ್ಧ ಮೂಳೆ ಅರ್ಧ ಮಾಂಸ ಬಿದ್ದು ಸರಾಸರಿ ಬೆಲೆ ಮೂಳೆಯ ಹಾಗೇ ಕಾಣುತ್ತದೆ. ಮೇಲೇರಿಸಿದರೆ ಕೀಲು ಬಿಡುತ್ತದೆ, ಆದರೆ ಕಣ್ಣಿನ ಗೂಡಿನ ತಳದಂಥ ತೆಳು ಮೂಳೆ ಜಾಲರಿಯಾಗುತ್ತದೆ. ಒಬ್ಬ ಡಾಕ್ಟರು ಪರದೆ ನೋಡಿ "ಏನ್ರೀ, ಇಲ್ಲಿ ತೂತು ಬಿದ್ದೈತಲ್ಲ, ಇದೂ ಮುರಿದೈತೇನು?" ಅಂದರು. ಮುರಿದಿರಲಿಲ್ಲ, ಅದು ಥ್ರೆಶೋಲ್ಡ್ ಮಾಡಿದ ತೂತು.

ಹಾಗಾಗಿ ಇಡೀ ತಲೆಗೆ ಒಂದೇ ಸಂಖ್ಯೆ ಹುಡುಕೋದನ್ನು ಬಿಟ್ಟಿದ್ದೇನೆ. ದವಡೆಯ ಗಟ್ಟಿ ಭಾಗಕ್ಕೆ ಒಂದು, ತೆಳು ಜಾಗಕ್ಕೆ ಇನ್ನೊಂದು, ಕೀಲಿನಲ್ಲಿ ಸ್ಲೈಸ್ ಸ್ಲೈಸ್ ನೋಡಿಕೊಂಡು ಕೈಯಿಂದಲೇ ಅಳಿಸೋದು. ಸ್ವಲ್ಪ ಬೇಸರದ ಕೆಲಸ ನಿಜ, ಬೇರೆ ದಾರಿ ನನಗಂತೂ ಕಂಡಿಲ್ಲ. ಹಲ್ಲಿಗೆ ಲೋಹ ತುಂಬಿಸಿದ್ದರೆ ಮೆಶ್‌ನಲ್ಲಿ ಜಾಲಿ ಮುಳ್ಳಿನ ಹಾಗೆ ಗೆರೆಗಳು ಚಾಚಿಕೊಂಡಿರುತ್ತವೆ, ಅವನ್ನೂ ಕೈಯಿಂದಲೇ ತೆಗೀಬೇಕು. ಬಾಯಿ ಕಚ್ಚಿಕೊಂಡು ಸ್ಕ್ಯಾನ್ ಆಗಿದ್ದರೆ ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದೇ ಗಡ್ಡೆ. ಸಾಧ್ಯವಿದ್ದವರಿಗೆ ಸ್ವಲ್ಪ ಬಾಯಿ ತೆರೆಸಿ ಸ್ಕ್ಯಾನ್ ಮಾಡಿಸಿ ಅಂತ ಮೊದಲೇ ಹೇಳಿಬಿಡಿ.

ನಯ ಮಾಡುವಾಗ ಕೈ ಬಿಗಿ ಇರಲಿ. ನಯ ಮಾಡೋ ವಿಧಾನಗಳಲ್ಲಿ ಲಾಪ್ಲಾಸಿಯನ್ ಹೆಚ್ಚು ಸಲ ಓಡಿಸಿದರೆ ಮೂಳೆ ಕುಗ್ಗುತ್ತದೆ, ಟೌಬಿನ್ ಅಷ್ಟು ಕುಗ್ಗಿಸುವುದಿಲ್ಲ. ಮುಗಿದ ಮೇಲೆ ಮೆಶ್‌ನ ಅಂಚನ್ನು ಮೂಲ ಸ್ಲೈಸ್‌ಗಳ ಮೇಲೆ ಇಟ್ಟು ನೋಡುತ್ತೇನೆ, ಗೆರೆ ಮೂಳೆಯ ಅಂಚಿಗೆ ಕೂತಿದೆಯಾ ಅಂತ. ತ್ರೀಡಿ ಚಿತ್ರ ಸುಮ್ನೆ ತಿರುಗಿಸಿ ನೋಡಿದರೆ ಎಲ್ಲಾ ಚೆನ್ನಾಗೇ ಕಾಣುತ್ತದೆ, ಅಲ್ವಾ?

ಇನ್ನು ಪ್ರಿಂಟರ್‌ಗೆ ಮೆಶ್ ಕಳಿಸುವ ಎಸ್‌ಟಿಎಲ್ ಫೈಲ್‌ನಲ್ಲಿ ಬರೀ ಸಂಖ್ಯೆ ಇರುತ್ತದೆ, ಮಿ.ಮೀ. ಅಂತ ಎಲ್ಲೂ ಬರೆದಿರುವುದಿಲ್ಲ. ಪ್ರಿಂಟ್ ಆದಮೇಲೆ ದವಡೆಯ ಎರಡು ಕೋನಗಳ ನಡುವೆ ವರ್ನಿಯರ್ ಹಿಡಿದು, ಸ್ಕ್ಯಾನ್‌ನಲ್ಲಿ ಅಳೆದದ್ದಕ್ಕೆ ತಾಳೆ ನೋಡಿಯೇ ಡಾಕ್ಟರಿಗೆ ಕೊಡುತ್ತೇನೆ.