ಹಿನ್ನೀರಿನೊಳಗಿನ ದನಿ

"ಕೊರಳಾಗ ಲಿಂಗ ಕಟ್ಟಿಕೊಂಡು ದೆವ್ವದ ಕಾದಂಬರಿ ಬರೀತೀರಲ್ರೀ?" ಬಾಗಲಕೋಟೆಯಲ್ಲಿ ನನಗೆ ಮೇಲಿಂದ ಮೇಲೆ ಬರುವ ಪ್ರಶ್ನೆ ಇದು. ಕೇಳುವವರು ಕಾಳಜಿಯಿಂದಲೇ ಕೇಳುತ್ತಾರೆ. ಮಡಕೆ, ಮೊರ, ಬೀದಿಯ ಕಲ್ಲು ಎಲ್ಲವನ್ನೂ ದೈವ ಅನ್ನುವವರನ್ನು ಬಸವಣ್ಣನವರು ತರಾಟೆಗೆ ತೆಗೆದುಕೊಂಡಿದ್ದಾರೆ. ಆ ಮಾತು ನನಗೆ ಪೂರ್ತಿ ಒಪ್ಪಿಗೆ. ದೆವ್ವ ಇದೆ ಎಂದು ನಾನು ನಂಬುವುದಿಲ್ಲ. ಆದರೆ ತೀರಿಕೊಂಡವರ ಜೊತೆಗಿನ ನಂಟು ಮಣ್ಣು ಮಾಡಿದ ದಿನವೇ ಮುಗಿಯುತ್ತದೆ ಎಂದೂ ನಂಬುವುದಿಲ್ಲ. ಈ ಎರಡನೆಯ ಮಾತಿಗಾಗಿಯೇ ನಾನು ಬರೆಯುತ್ತೇನೆ.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಜನ ನವನಗರಕ್ಕೆ ಬಂದರು. ನಮ್ಮ ಹೊಲವೂ ಮುಳುಗಿತು. ಆದರೂ ಎಳ್ಳಮಾವಾಸ್ಯೆಗೆ ನಮ್ಮ ಸೋದರತ್ತೆ ಬುತ್ತಿ ಕಟ್ಟುವುದನ್ನು ಬಿಡಲಿಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡಬು. ದಂಡೆಗೆ ಹೋಗಿ, ಸೆರಗು ಸಿಗಿಸಿ, ಮೊಣಕಾಲ ತನಕ ನೀರಿಗಿಳಿದು ಚರಗ, ಅಂದರೆ ಹೊಲಕ್ಕೆ ಕೊಡುವ ಎಡೆ, ಚೆಲ್ಲುತ್ತಿದ್ದಳು. "ಹೊಲ ಎಲ್ಲಿ ಐತಿ ಅತ್ತಿ?" ಅಂದರೆ, "ನೀರಾಗ ಐತಿ. ಮುಳಗೇತಿ ಅಷ್ಟ, ಸತ್ತಿಲ್ಲೋ ತಮ್ಮಾ" ಅನ್ನುತ್ತಿದ್ದಳು. ಕಾದಂಬರಿಗೆ ಇನ್ನೇನು ಬೇಕು?

ನಮ್ಮ ಕಡೆ ಚರಗ ಚೆಲ್ಲುವಾಗ ಮುಂದಿನವರು "ಹುಲ್ಲುಲ್ಲಿಗೋ" ಅಂತ ಕೂಗುತ್ತಾರೆ. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಬರುವವರು "ಚಲಾಂಬರಿಗೋ" ಅನ್ನುತ್ತಾರೆ. ನನ್ನ ಕಥೆಯ ಮುದುಕನಿಗೆ ಹಿಂದೆ ಬರುವವರು ಯಾರೂ ಉಳಿದಿಲ್ಲ. ಒಬ್ಬನೇ ದಂಡೆಯಲ್ಲಿ ನಿಂತು ಮೊದಲರ್ಧ ಕೂಗುತ್ತಾನೆ. ಉಳಿದರ್ಧ ನೀರಿನೊಳಗಿಂದ ಕೇಳಿಸುತ್ತದೆ.

ಓದುವವರು ಇದನ್ನು ಪ್ರತಿಧ್ವನಿ ಅಂದುಕೊಳ್ಳಬಾರದಿತ್ತು. ಅದಕ್ಕೇ ವಿಜಯಪುರಕ್ಕೆ ಹೋಗಿ, ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಸುಮ್ನೆ ಕೂತೆ. 1656ರ ಕಟ್ಟಡ, ಮೊಹಮ್ಮದ್ ಆದಿಲ್ ಶಾಹನ ಗೋರಿ. ಶಾಲೆಯ ಹುಡುಗರು ಕೂಗುತ್ತಿದ್ದರು, ಗುಮ್ಮಟ ತಿರುಗಿ ತಿರುಗಿ ಕೂಗುತ್ತಿತ್ತು. ಕೊಟ್ಟ ಮಾತನ್ನೇ ಕೊಡುತ್ತದೆ, ಒಂದು ಅಕ್ಷರ ಜಾಸ್ತಿ ಇಲ್ಲ. ಎದುರು ಗೋಡೆಯ ಹತ್ತಿರ ಯಾರೋ ಪಿಸುಗುಟ್ಟಿದ್ದು ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳಿತು. ಆ ದೃಶ್ಯವನ್ನು ಹೇಗೆ ಬರೆಯಬೇಕು ಅನ್ನುವುದು ಅಲ್ಲೇ ಹೊಳೆಯಿತು. ದನಿ ದೂರದಿಂದ ಬರಬಾರದು, ಕಿವಿಯ ಹತ್ತಿರವೇ ಇರಬೇಕು. ಕೂಗಿದ್ದನ್ನು ಮರಳಿ ಹೇಳದೆ ಪೂರ್ತಿ ಮಾಡಬೇಕು.

ಆಮೇಲೆ ಆ ದನಿಗೆ ಕಟ್ಟುಪಾಡು ಹಾಕಿದೆ. ಕರೆಯದೆ ಬರುವಂತಿಲ್ಲ. ಆ ಹೊಲದ ಜೋಳ ಉಂಡವರಿಗೆ ಮಾತ್ರ ಕೇಳಬೇಕು. ಯಾರ ಕಷ್ಟವನ್ನೂ ಪರಿಹರಿಸುವಂತಿಲ್ಲ. ದೆವ್ವಕ್ಕೆ ಎಲ್ಲವೂ ಸಾಧ್ಯ ಅಂತ ಬಿಟ್ಟರೆ ಓದುವವರಿಗೆ ಭಯವೂ ಆಗುವುದಿಲ್ಲ, ಕರುಳೂ ಚುರ್ ಅನ್ನುವುದಿಲ್ಲ.

ಹಸ್ತಪ್ರತಿ ಓದಿದ ಗೆಳೆಯರೊಬ್ಬರು, ಕೊನೆಗೆ ಸ್ವಾಮಿಗಳೊಬ್ಬರು ಬಂದು ವಿಭೂತಿ ಹಚ್ಚಿ ದನಿ ಅಡಗಿಸಲಿ ಅಂದರು. ನಾನು ಒಪ್ಪಲಿಲ್ಲ. ದೇವರನ್ನು ಕೊನೆಯ ಅಧ್ಯಾಯಕ್ಕೆ ಪೊಲೀಸರಂತೆ ಕರೆಸುವುದು ಭಕ್ತಿಯಲ್ಲ. ನನ್ನ ಮುದುಕ ದಿನಾ ಲಿಂಗಪೂಜೆ ಮಾಡುತ್ತಾನೆ, ದನಿಯನ್ನೂ ಕೇಳುತ್ತಾನೆ. ಅವನಿಗೆ ಅದರಲ್ಲಿ ತೊಡಕಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೂ ಈಗ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದೇ ಹೋಗಬೇಕು. ಹಿನ್ನೀರು ತುಂಬಿದಾಗ ಗೋಡೆಯಾಚೆ ನೀರೇ ನೀರು. ಅಲ್ಲಿ ಕೈಮುಗಿದು ನಿಂತಾಗ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತಿದ್ದೇನೆ ಅನ್ನುವುದು ಮೈಗೆ ತಿಳಿಯುತ್ತದೆ. ಮುದುಕನ ಪೂಜೆಯ ಅಧ್ಯಾಯವನ್ನು ಅಲ್ಲಿಂದ ಬಂದ ರಾತ್ರಿಯೇ ಬರೆದೆ.

ನಮ್ಮಲ್ಲಿ ಚಹಾದಂಗಡಿಯಲ್ಲೂ 519, 524 ಅಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಏರಿಸಬೇಕೆಂದಿರುವುದು 524.256. ಮುಂದಿನ ಕಾದಂಬರಿ ಈ ಎರಡು ಅಂಕಿಗಳ ನಡುವೆ ಇರುವ ಊರಿನದು. ಅಲ್ಲಿ ಚರಗ ಇನ್ನೂ ಮಣ್ಣಿಗೇ ಬೀಳುತ್ತದೆ, ಹಿಂದೆ ತಂಬಿಗೆ ಹಿಡಿಯುವವರೂ ಇದ್ದಾರೆ. ಮೊದಲ ಅಧ್ಯಾಯ ಮುಗಿದಿದೆ.