ಒಂದು ಕಮಾನಿನ ನೋಡ್‌ಗಳನ್ನು ಹತ್ತು ಕಡೆ ಬಳಸುವುದು ಹೇಗೆ?

ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ ನೋಡಿದ್ದೀರಾ? 1367ರಲ್ಲಿ ಕಟ್ಟಿದ್ದು. ಬೇರೆ ದೊಡ್ಡ ಮಸೀದಿಗಳಲ್ಲಿ ಇರುವ ತೆರೆದ ಅಂಗಳ ಇಲ್ಲಿಲ್ಲ, ಪೂರ್ತಿ ಮುಚ್ಚಿದ ಕಟ್ಟಡ, ಒಳಗೆ ಹೋದರೆ ಎತ್ತ ತಿರುಗಿದರೂ ಕಮಾನುಗಳೇ. ಅಂಚಿನ ಸಾಲಿನವು ಬಲು ಅಗಲ, ಅವುಗಳ ಕಂಬ ಗಿಡ್ಡ. ಒಳಗಿನವು ಕಿರಿದು. ಆದರೂ ಎಲ್ಲ ಒಂದೇ ಮನೆತನದವು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇದನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಜಿಯೊಮೆಟ್ರಿ ನೋಡ್ಸ್‌ನಲ್ಲಿ ಮಾಡಲು ಕೂತೆ. ಅಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ಅದೇ ನೋಡ್; ಅವನ್ನು ತಂತಿಗಳಿಂದ ಜೋಡಿಸಿದರೆ ಆಕಾರ ಬರುತ್ತದೆ. ಎರಡು ಆರ್ಕ್ ನೋಡ್, ಅವನ್ನು ಜಾಗಕ್ಕೆ ಸರಿಸಲು ಟ್ರಾನ್ಸ್‌ಫಾರ್ಮ್, ಕೂಡಿಸಲು ಜಾಯಿನ್ ಜಿಯೊಮೆಟ್ರಿ, ದಪ್ಪ ಕೊಡಲು ಕರ್ವ್ ಟು ಮೆಶ್, ನಡುವೆ ಲೆಕ್ಕಕ್ಕೆ ಒಂದಷ್ಟು ಮ್ಯಾತ್ ನೋಡ್. ಒಂದು ಕಮಾನು ಚೆನ್ನಾಗಿ ಬಂತು. ಎಲ್ಲವನ್ನೂ ಸೆಲೆಕ್ಟ್ ಮಾಡಿ ಶಿಫ್ಟ್ ಡಿ ಒತ್ತಿ ಇನ್ನೆರಡು ಕಾಪಿ ಮಾಡಿದೆ. ಮಾರನೇ ದಿನ ತುದಿಯ ಚೂಪು ಸ್ವಲ್ಪ ಬದಲಿಸಬೇಕಾಯಿತು, ಮೂರು ಕಡೆ ಬದಲಿಸಬೇಕು, ನಾನು ಎರಡೇ ಕಡೆ ಬದಲಿಸಿದ್ದೆ. ಮೂರನೆಯದು ಯಾಕೆ ಹೊಂದುತ್ತಿಲ್ಲ ಅಂತ ಹುಡುಕುವುದರಲ್ಲೇ ಸಂಜೆಯಾಯಿತು.

ಹಾಗಾಗಿ ಕಾಪಿ ಮಾಡುವ ಮೊದಲು ಒಂದೇ ಒಂದು ವಿಷಯ ಯೋಚಿಸಿ: ನಾಳೆ ಮೂಲದಲ್ಲಿ ಏನಾದರೂ ಬದಲಾದರೆ ಈ ಕಾಪಿಯೂ ಬದಲಾಗಬೇಕಾ, ಬೇಡವಾ?

ಬೇಡ ಅಂದರೆ ಶಿಫ್ಟ್ ಡಿ ಸಾಕು. ಇದರಲ್ಲಿ ಕಾಪಿಯಾದ ನೋಡ್‌ಗಳ ನಡುವಿನ ತಂತಿಗಳು ಉಳಿಯುತ್ತವೆ, ಹೊರಗಿನಿಂದ ಬರುವ ತಂತಿಗಳು ಉಳಿಯುವುದಿಲ್ಲ. ಅವೂ ಬೇಕು ಅಂದರೆ ಕಂಟ್ರೋಲ್ ಶಿಫ್ಟ್ ಡಿ ಒತ್ತಿ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಸುಮ್ನೆ ಒಂದೊಂದೇ ತಂತಿ ಮತ್ತೆ ಎಳೆಯುತ್ತಾ ಕೂರುತ್ತಾರೆ.

ಬದಲಾಗಬೇಕು ಅಂದರೆ ಮೊದಲು ಗ್ರೂಪ್ ಮಾಡಿ. ಕಮಾನಿನ ನೋಡ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ ಕಂಟ್ರೋಲ್ ಜಿ ಒತ್ತಿದರೆ ಎಲ್ಲ ಸೇರಿ ಒಂದೇ ನೋಡ್ ಆಗುತ್ತದೆ. ಟ್ಯಾಬ್ ಒತ್ತಿದರೆ ಒಳಗೆ ಹೋಗಬಹುದು, ಮತ್ತೆ ಒತ್ತಿದರೆ ಹೊರಗೆ. ಒಳಗೆ ಇದ್ದಾಗಲೇ ಕಮಾನಿನಿಂದ ಕಮಾನಿಗೆ ಬೇರೆಯಾಗುವ ಸಂಖ್ಯೆಗಳ ಸಾಕೆಟ್‌ಗಳನ್ನು (ನೋಡ್‌ನ ಅಂಚಿನಲ್ಲಿ ತಂತಿ ಸೇರುವ ಚುಕ್ಕೆಗಳು) ಗ್ರೂಪ್ ಇನ್‌ಪುಟ್ ಎಂಬ ನೋಡ್‌ನ ಕೊನೆಯ ಖಾಲಿ ಸಾಕೆಟ್‌ಗೆ ಎಳೆದು ಜೋಡಿಸಿ. ನಾನು ಮೂರೇ ಹೊರಗೆ ಬಿಟ್ಟೆ: ಅಗಲ, ಕಂಬದ ಎತ್ತರ, ದಪ್ಪ. ತುದಿಯ ಆಕಾರ ಒಳಗೇ ಉಳಿಯಿತು, ಏಕೆಂದರೆ ಅದು ಎಲ್ಲದಕ್ಕೂ ಒಂದೇ ಇರಬೇಕು. ಈ ಆಯ್ಕೆಗೆ ಹತ್ತು ನಿಮಿಷ ಜಾಸ್ತಿ ಹೋದರೂ ಪರವಾಗಿಲ್ಲ, ನಿಜವಾದ ಕೆಲಸ ಇದೇ. ಕಂಡಿದ್ದನ್ನೆಲ್ಲ ಹೊರಗೆ ಬಿಟ್ಟರೆ ಇಪ್ಪತ್ತು ಸಾಕೆಟ್‌ಗಳ ನೋಡ್ ಆಗುತ್ತದೆ, ಆರು ತಿಂಗಳ ನಂತರ ಯಾವುದು ಯಾವುದಕ್ಕೆ ಅಂತ ನೆನಪಿರುವುದಿಲ್ಲ. ಹೆಸರನ್ನೂ ಆಗಲೇ ಕೊಡಿ.

ಈಗ ಆಲ್ಟ್ ಡಿ ಒತ್ತಿ ಗ್ರೂಪ್ ನೋಡ್ ಅನ್ನು ಎಷ್ಟು ಸಲ ಬೇಕಾದರೂ ಕಾಪಿ ಮಾಡಿ, ಒಂದಕ್ಕೆ ಅಗಲ ಜಾಸ್ತಿ ಕೊಡಿ, ಇನ್ನೊಂದಕ್ಕೆ ಕಡಿಮೆ. ಯಾವುದರ ಒಳಗೆ ಹೋಗಿ ತುದಿ ಬದಲಿಸಿದರೂ ಎಲ್ಲ ಕಮಾನುಗಳೂ ಒಟ್ಟಿಗೆ ಬದಲಾಗುತ್ತವೆ. ಗ್ರೂಪಿನ ಹೆಸರಿನ ಪಕ್ಕ ಒಂದು ಅಂಕಿ ಕಾಣುತ್ತದೆ, ನೋಡಿ. 3 ಇದ್ದರೆ ಮೂರು ಕಡೆ ಅದೇ ಗ್ರೂಪ್ ಬಳಕೆಯಲ್ಲಿದೆ ಅಂತ ಅರ್ಥ. ಆ ಅಂಕಿಯ ಮೇಲೆ ಒತ್ತಿದರೆ ನೀವು ಹಿಡಿದಿರುವ ಕಾಪಿ ಉಳಿದವುಗಳಿಂದ ಬೇರೆಯಾಗಿಬಿಡುತ್ತದೆ, ಹೆಸರಿನ ಕೊನೆಗೆ .001 ಸೇರಿಕೊಳ್ಳುತ್ತದೆ. ಬೇಕಂತಲೇ ಬೇರೆ ಮಾಡುವಾಗ ಒಳ್ಳೆಯದೇ, ಆದರೆ ಕೈತಪ್ಪಿ ಒತ್ತಿದರೆ ಕಷ್ಟ. ಬದಲಾವಣೆ ಒಂದು ಕಮಾನಿಗೆ ತಲುಪುತ್ತಿಲ್ಲ ಅಂದರೆ ಮೊದಲು ಇದನ್ನೇ ನೋಡಿ.

ಇನ್ನೊಂದು ಮಾತು. ಒಂದೇ ಅಳತೆಯ ಕಮಾನು ಸಾಲಾಗಿ ಬೇಕಿದ್ದರೆ ನೋಡ್ ಕಾಪಿ ಮಾಡುವುದೇ ಬೇಡ. ಮೆಶ್ ಲೈನ್ (ಸಾಲಾಗಿ ಬಿಂದುಗಳನ್ನು ಕೊಡುವ ನೋಡ್) ಇಟ್ಟು, ಅದನ್ನೂ ಕಮಾನನ್ನೂ ಇನ್‌ಸ್ಟನ್ಸ್ ಆನ್ ಪಾಯಿಂಟ್ಸ್‌ಗೆ (ಪ್ರತಿ ಬಿಂದುವಿನಲ್ಲೂ ಒಂದನ್ನು ಕೂರಿಸುವ ನೋಡ್) ಜೋಡಿಸಿ, ಸಾಲು ತಾನೇ ಬರುತ್ತದೆ. ಕಂಪ್ಯೂಟರ್‌ಗೂ ಭಾರ ಕಡಿಮೆ.

ಬೇರೆ ಫೈಲ್‌ನಲ್ಲಿ ಬೇಕಾದರೆ ಫೈಲ್ ಮೆನುವಿನಲ್ಲಿ ಅಪೆಂಡ್ ಆರಿಸಿ, ಹಳೆಯ ಫೈಲ್ ತೆರೆದು ನೋಡ್‌ಟ್ರೀ ಎಂಬ ಫೋಲ್ಡರ್‌ಗೆ ಹೋಗಿ, ಅಲ್ಲಿ ನಿಮ್ಮ ಗ್ರೂಪಿನ ಹೆಸರು ಇರುತ್ತದೆ. ಹೀಗೆ ತಂದದ್ದು ಹಳೆಯದರ ಹಂಗಿಲ್ಲದ ಕಾಪಿ. ಅಪೆಂಡ್ ಬದಲು ಲಿಂಕ್ ಆರಿಸಿದರೆ ಮೂಲ ಫೈಲ್‌ಗೇ ಕಟ್ಟಿಕೊಂಡಿರುತ್ತದೆ, ತಿದ್ದಬೇಕಾದರೆ ಅಲ್ಲಿಗೇ ಹೋಗಬೇಕು. ಇಬ್ಬರು ಮೂವರು ಸೇರಿ ಒಂದೇ ಕಟ್ಟಡ ಮಾಡುತ್ತಿದ್ದರೆ ಲಿಂಕ್ ಒಳ್ಳೆಯದು.

ಒಂದು ಗ್ರೂಪ್ ಸದ್ಯಕ್ಕೆ ಎಲ್ಲೂ ಬಳಕೆಯಲ್ಲಿಲ್ಲ, ಮುಂದೆ ಬೇಕಾಗಬಹುದು ಅಂತಿದ್ದರೆ ಅದರ ಹೆಸರಿನ ಪಕ್ಕದ ಗುರಾಣಿ ಗುರುತನ್ನು ಒತ್ತಿಡಿ. ಇಲ್ಲವಾದರೆ ಫೈಲ್ ಸೇವ್ ಮಾಡಿ ಮುಚ್ಚಿ ಮತ್ತೆ ತೆರೆದಾಗ ಅದು ಇರುವುದಿಲ್ಲ.